ಆಯುಧಪೂಜೆಗೆ ಕೂತ ರೋಬೋ

ಪ್ರಮೀಳಾ ಕುಣಿಗಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸು, ಮನೆ ತುಮಕೂರಿನಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲುವುದು, ವಾರ್ಡಿನಲ್ಲಿ ದಿನವಿಡೀ ನಿಲ್ಲುವುದು, ಸಂಜೆ ಮತ್ತೆ ಕಂಬಿ ಹಿಡಿದು ಬಂದು ಒಲೆಯ ಮುಂದೆ ನಿಲ್ಲುವುದು. ಹೀಗೆ ನಿಂತೂ ನಿಂತೂ ನಲವತ್ತು ದಾಟಿತು. ಸ್ವಲ್ಪ ಕೂತ್ಕೋ ಅನ್ನುವವರಿಗೇನೂ ಕಡಿಮೆಯಿರಲಿಲ್ಲ. ಅಂದವರೆಲ್ಲ, "ನಂಗೊಂದು ಲೋಟ ಕಾಫಿ ಕೊಟ್ಟು ಕೂತ್ಕೋ" ಅನ್ನುತ್ತಿದ್ದರು.

ಮಗಳು ಅನುಪಮಾ ಓದಲು ಹಾಸ್ಟೆಲಿಗೆ ಹೋದ ಮೇಲೆ ಅಟ್ಟ ಗುಡಿಸುವಾಗ ಅವಳ ಹಳೆಯ ಪ್ಲಾಸ್ಟಿಕ್ ಬ್ಲಾಕ್ಸಿನ ಡಬ್ಬ ಸಿಕ್ಕಿತು. ಯಾರಿಗಾದರೂ ಕೊಟ್ಟರಾಯಿತು ಅಂತ ಮುಚ್ಚಳ ತೆಗೆದ ಪ್ರಮೀಳಾ, ಒಂದರ ಮೇಲೊಂದು ಕೂರಿಸುತ್ತ ಅಲ್ಲೇ ಕೂತುಬಿಟ್ಟಳು. ಅನ್ನ ತಳ ಹತ್ತಿದ ವಾಸನೆ ಬಂದಾಗಲೇ ಎಚ್ಚರ.

ಆಮೇಲೆ ಹೊಸ ಡಬ್ಬಗಳು ಬಂದವು. ಕಟ್ಟಿದ್ದೆಲ್ಲ ರೋಬೋಗಳೇ. ಟೀವಿಯಲ್ಲಿ ಒಮ್ಮೆ ನೋಡಿದ್ದಳು: ಬೆಟ್ಟದೆತ್ತರದ ರೋಬೋ, ಅದರ ಎದೆಯೊಳಗೆ ಕುರ್ಚಿಯ ಮೇಲೆ ಒಬ್ಬ ಮನುಷ್ಯ. ಅವನು ಕೂತಲ್ಲೇ ಕಾಲಾಡಿಸಿದರೆ ರೋಬೋ ಊರು ದಾಟುತ್ತದೆ. ಕೂತುಕೊಂಡೇ ದುಡಿಯುವ ಆ ಪುಣ್ಯವಂತನನ್ನು ಕಂಡು ಅವಳಿಗೆ ಹೊಟ್ಟೆಕಿಚ್ಚಾಗಿತ್ತು.

ಗಂಡ ಅನಂತರಾಜು ಗುಬ್ಬಿಯ ಸೊಸೈಟಿಯೊಂದರಲ್ಲಿ ಗುಮಾಸ್ತ. ಕೆಟ್ಟವನಲ್ಲ, ಆದರೆ ಬಾಯಿ ಸುಮ್ಮನಿರದು. "ಏನೇ, ನಿನ್ನ ಭೂತಕ್ಕೆ ಸೊಂಟ ಬಂತಾ?" ಅಂತ ಬಾಗಿಲಲ್ಲೇ ಕೇಳಿ ಹೋಗುತ್ತಿದ್ದ.

ಈ ವರ್ಷದ ಭೂತ ಪ್ರಮೀಳಾಳ ಸೊಂಟದವರೆಗೆ ಬಂದಿತ್ತು. ಬೆಂಗಳೂರಿನಲ್ಲಿ ಬ್ಲಾಕ್ಸ್ ಕಟ್ಟುವ ದೊಡ್ಡವರದೇ ಒಂದು ಗುಂಪಿದೆ. ಪ್ರಮೀಳಾ ಅಲ್ಲಿಗೆ ಕಳಿಸಿದ ಫೋಟೋ ನೋಡಿ ಗುಂಪಿನ ಅಪರ್ಣ ಎಂಬ ಹೆಣ್ಣುಮಗಳು, "ವಿಜಯದಶಮಿ ದಿನ ನಮ್ಮ ಪ್ರದರ್ಶನಕ್ಕೆ ತನ್ನಿ ಮೇಡಂ, ನಿಮ್ಮದು ಮಧ್ಯದ ಟೇಬಲ್" ಅಂತ ಬರೆದಳು. ಮಧ್ಯದ ಜಾಗ ನಿಮ್ಮದು ಅಂತ ಪ್ರಮೀಳಾಗೆ ಅಲ್ಲಿಯತನಕ ಯಾರೂ ಹೇಳಿದ್ದಿಲ್ಲ. ಬಸ್ಸಿನಲ್ಲಿ ಅದನ್ನೇ ಮತ್ತೆ ಮತ್ತೆ ಓದಿಕೊಂಡಳು.

ಕಟ್ಟಲು ಉಳಿದದ್ದು ರೋಬೋದ ಬಲಗೈ ಒಂದೇ. ತನ್ನ ಭಾರಕ್ಕೆ ತಾನೇ ಜೋತು ಬೀಳುತ್ತಿತ್ತು. ಭುಜವನ್ನೇ ಬಿಚ್ಚಿ ಹೊಸದಾಗಿ ಕಟ್ಟಬೇಕು, ಅದಕ್ಕೆ ಒಂದು ಪೂರ್ತಿ ದಿನ ಬೇಕು. ದೀಪಾವಳಿ ಡ್ಯೂಟಿ ನಾನೇ ಮಾಡ್ತೀನಿ ಅಂತ ಜೊತೆಯ ನರ್ಸ್ ಶಶಿಕಲಾಳ ಕಾಲು ಹಿಡಿದಂತೆ ಕೇಳಿ, ಆಯುಧಪೂಜೆಯ ದಿನ ರಜೆ ಗಿಟ್ಟಿಸಿದಳು. ಮಾರನೆಯ ದಿನ ವಿಜಯದಶಮಿ, ಹೇಗೂ ಅವಳ ವಾರದ ರಜೆ.

ಹಬ್ಬಕ್ಕೆ ಸಿ.ಎಸ್. ಪುರದಿಂದ ಅತ್ತೆ ಪುಟ್ಟತಾಯಮ್ಮ ಬಂದಿದ್ದರು. ಬೇಗ ಎದ್ದು ಹೋಳಿಗೆ ಬೇಯಿಸಿ, ಇನ್ನು ಕೈಗೆ ಬಿಡುವು ಅಂದುಕೊಂಡು ಹಾಲಿಗೆ ಬಂದ ಪ್ರಮೀಳಾ ಹಾಗೇ ನಿಂತಳು. ಗೋಡೆ ಬದಿಗೆ ಊರಿಂದ ತಂದ ಕುಡುಗೋಲು, ಈಳಿಗೆಮಣೆ, ಮಿಕ್ಸಿ, ಗಂಡನ ಕ್ಯಾಲ್ಕುಲೇಟರ್. ಅವುಗಳ ನಡುವೆ ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವು ಹಾಕಿಸಿಕೊಂಡು ರೋಬೋ ನಿಂತಿತ್ತು. ಬಿಚ್ಚಿಟ್ಟ ಬಲಗೈಗೂ ತಟ್ಟೆಯಲ್ಲಿ ಅರಿಶಿನ ಕುಂಕುಮವಾಗಿತ್ತು. ಪೂಜೆಗೆ ಕೂತ ಸಾಮಾನನ್ನು ಮಾರನೆಯ ಬೆಳಿಗ್ಗೆವರೆಗೆ ಮುಟ್ಟುವಂತಿಲ್ಲ. ಅದು ಆ ಮನೆಯ ಪದ್ಧತಿ.

"ಅತ್ತೆ, ಅದು ಆಟದ ಸಾಮಾನು."

"ಆಟನ ಯಾರಾನ ಹಿಂಗಾಡ್ತಾರವ್ವ? ಡ್ಯೂಟಿಯಿಂದ ಬಂದು ಸೊಂಟ ಹಿಡ್ಕಂಡು ಅದ್ರ ಮುಂದೆ ಕೂತಿರ್ತೀಯ, ನಾನು ನೋಡಿಲ್ವಾ? ನಿನ್ ಕಸುಬಿನ ಯಂತ್ರ ಅದು."

"ನಾಳೆ ಮೊದಲ್ನೇ ಬಸ್ಸಿಗೆ ತಗೊಂಡು ಹೋಗ್ಬೇಕು. ಕೈಯೇ ಕೂರ್ಸಿಲ್ಲ."

"ಬೆಳಗಾಗ್ತಲೇ ಎತ್ಕೊಡ್ತೀನಿ ಬುಡು, ಕೂರ್ಸ್ಕಳೀವಂತೆ."

ಕೈ ಕೂರಿಸಲು ಗುದ್ದಲಿಗೆ ಕಾವು ಹಾಕಿದಷ್ಟೇ ಹೊತ್ತು ಸಾಕು ಅಂತ ಮುದುಕಿಯ ಲೆಕ್ಕ. ಮಗನನ್ನು ಕರೆದುಕೊಂಡು ಸ್ಕೂಟರಿಗೆ ಕುಂಕುಮವಿಡಲು ಹೊರಗೆ ಹೋದರು.

ಪ್ರಮೀಳಾ ಬಾಗಿಲ ಕಡೆ ನೋಡಿದಳು, ತಟ್ಟೆಯ ಕಡೆ ನೋಡಿದಳು. ತಪ್ಪು ಅಂತ ಗೊತ್ತಿತ್ತು. ಗೊತ್ತಿದ್ದೂ ಆ ಬಲಗೈಯನ್ನು ಎತ್ತಿಕೊಂಡಳು. ಅಷ್ಟರಲ್ಲಿ ಕುಂಕುಮದ ಬಟ್ಟಲು ಹಿಡಿದು ಪುಟ್ಟತಾಯಮ್ಮ ಒಳಗೆ ಬಂದೇಬಿಟ್ಟರು.

ಬೈಗುಳಕ್ಕೆ ಕಾದರೆ ಬೈಗುಳ ಬರಲಿಲ್ಲ. ಅತ್ತೆ ಆ ಕೈಯನ್ನು ಮೆಲ್ಲಗೆ ಬಿಡಿಸಿ ತಟ್ಟೆಗಿಟ್ಟು, ಸೊಸೆಯನ್ನು ಕೂರಿಸಿ, ಅವಳ ಎರಡೂ ಕೈಗಳನ್ನು ಮಡಿಲಿಗೆಳೆದುಕೊಂಡರು. ಸೋಪಿಗೆ ಒಡೆದ ಚರ್ಮ, ಕಾವಲಿ ತಾಗಿದ ಕಲೆ, ಎಲ್ಲ ತಿರುಗಿಸಿ ತಿರುಗಿಸಿ ನೋಡಿದರು.

"ಎಲ್ಲಕ್ಕಿಂತ ಹೆಚ್ಗೆ ದುಡಿಯೋ ಕೈಗಳ್ನೇ ಮರ್ತ್‌ಬುಟ್ಟಿದ್ದೆ ನೋಡು," ಅಂದು ಮಣಿಕಟ್ಟಿಗೆ ಅರಿಶಿನ ಬಳಿದು ಕುಂಕುಮವಿಟ್ಟರು. "ಇವೂ ಪೂಜೆಗೆ ಕೂತ್ವು. ನಾಳೆಗಂಟ ಕಡ್ಡಿನೂ ಎತ್ತಂಗಿಲ್ಲ. ಊಟಕ್ಕೆ ನಾನಿಕ್ತೀನಿ. ಏನ್ಲಾ ಅನಂತ, ಎಲೆ ತತ್ತಾ."

ಮದುವೆಯಾಗಿ ಬಂದ ಮೇಲೆ ಆ ಕೈಗಳಿಗೆ ಯಾರೂ ಒಂದು ದಿನದ ರಜೆ ಕೊಟ್ಟಿರಲಿಲ್ಲ. ಕೊಟ್ಟಿದ್ದು, ಅವು ತನಗಾಗಿ ಬೇಕಿದ್ದ ಈ ಒಂದೇ ದಿನ. ಪ್ರಮೀಳಾಗೆ ಅಳು ಬಂತು. ಅತ್ತೆ ಅದನ್ನು ಸಂತೋಷದ ಅಳು ಅಂದುಕೊಂಡು ಸೆರಗಿನಿಂದ ಒರೆಸಿದರು, ಅದು ಅರ್ಧ ನಿಜವೂ ಆಗಿತ್ತು. ಆ ಬೆಚ್ಚನೆಯ ಮಡಿಲಿಂದ ಕೈ ಎಳೆದುಕೊಳ್ಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಗಂಡ ಎಲೆ ಹಾಸುತ್ತಿದ್ದ. "ರೀ, ನನ್ ಫೋನಲ್ಲಿ ಅಪರ್ಣ ಅಂತ ನಂಬರಿದೆ. ನಾಳೆ ಬರಲ್ಲ ಅಂತ ಒಂದು ಮೆಸೇಜ್ ಹಾಕಿ," ಅಂದಳು.

"ನೀನೇ ಹಾಕೇ."

"ಕೈ ಎತ್ತಂಗಿಲ್ಲ," ಅಂದಳು ಪ್ರಮೀಳಾ.