ಕಿಟಕಿಯಿಂದ ಕಂಡ ಮಂಡಿಪೇಟೆ

ನಿನ್ನೆ ಮೊಮ್ಮಗಳು ಬಿಸಿ ಮಂಡಕ್ಕಿಯ ಪೊಟ್ಟಣ ತಂದು ಬಿಚ್ಚಿದಳು. ಭಟ್ಟಿಯಲ್ಲಿ ಹೊಟ್ಟು ಉರಿದ ಹೊಗೆಯ ವಾಸನೆ ಇನ್ನೂ ಅದಕ್ಕೆ ಅಂಟಿಕೊಂಡಿತ್ತು. ಒಂದು ಹಿಡಿ ಬಾಯಿಗೆ ಹಾಕಿಕೊಳ್ಳುವ ಮೊದಲೇ ಎದುರುಮನೆಯ ಅಕ್ಕ ನೆನಪಾದರು...

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಮಾತು. ಮದುವೆಯಾದ ಹೊಸತರಲ್ಲಿ ನಾನು ದಾವಣಗೆರೆಯ ಮಂಡಿಪೇಟೆಯ ಒಂದು ಓಣಿಗೆ ಬಂದೆ. ನನ್ನ ಗಂಡನಿಗೆ ಹತ್ತಿ ಗಿರಣಿಯ ಆಫೀಸಿನಲ್ಲಿ ಕೆಲಸ. ಎದುರಿನ ಮನೆ ಮೆಣಸಿನಕಾಯಿ ಸಾಹುಕಾರರದು. ಅಕ್ಕ ಅವರ ಹೆಂಡತಿ, ನನಗಿಂತ ಬಹಳ ದೊಡ್ಡವರು. ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿ ದಾಟದೆ ಬೀದಿಗೆ ಇಳಿಯುವಂತಿರಲಿಲ್ಲ. ಅಂಗಡಿ ತುಂಬ ಗಂಡಸರು. ಹಾಗಾಗಿ ಅಕ್ಕ ಇಳಿಯುತ್ತಲೇ ಇರಲಿಲ್ಲ. ತವರು ಹರಿಹರ. ರೈಲು ಹತ್ತಿ ಕಾಲು ಚಾಚುವಷ್ಟರಲ್ಲಿ ಬಂದುಬಿಡುವ ಊರು. ಆದರೂ ತಂದೆ ತೀರಿಕೊಂಡ ಮೇಲೆ ಅವರನ್ನು ಅತ್ತ ಕಳಿಸಿರಲಿಲ್ಲ. ಮೇಲಿನ ಕಿಟಕಿಯ ಸರಳು ಹಿಡಿದು ನಿಂತಿರುತ್ತಿದ್ದರು. ನಮ್ಮ ಮಾತುಕತೆಯೆಲ್ಲ ಬೀದಿಯ ಆಚೆ ಈಚೆಯಿಂದಲೇ...

ಆಗ ಓಣಿಯ ಕೊನೆಯ ಮಠದ ಪಡಸಾಲೆಯಲ್ಲಿ ಹೆಂಗಸರು ವಾರಕ್ಕೊಮ್ಮೆ ಮಧ್ಯಾಹ್ನ ಸೇರುತ್ತಿದ್ದೆವು. ಕನ್ನಡ ಶಾಲೆಯ ಟೀಚರೊಬ್ಬರು ಶುರುಮಾಡಿದ್ದು. ಊರು ಹೇಗೆ ಬೆಳೆಯಿತು, ಯಾವ ಬೀದಿಗೆ ಯಾರು ಮೊದಲು ಬಂದರು, ಒಬ್ಬೊಬ್ಬರು ತಮಗೆ ಗೊತ್ತಿದ್ದನ್ನು ಹೇಳಬೇಕು. ಅಕ್ಕನಿಂದ ಹರಿಹರದ ಸಂಗತಿ ಹೇಳಿಸಬೇಕೆಂದು ನನಗೆ ಹಟ. ಸಾಹುಕಾರರು ಬ್ಯಾಡಗಿ ಮಾರುಕಟ್ಟೆಗೆ ಹೋದ ದಿನ ಅವರ ತಾಯಿಯನ್ನೇ ಕೇಳಿಕೊಂಡೆ. ಹಾಸಿಗೆ ಹಿಡಿದಿದ್ದ ಆ ಮುದುಕಿ, "ಮಠಕ್ಕಲ್ಲೇನು, ಕರ್ಕೊಂಡ್ ಹೋಗು," ಅಂದರು.

ಪಡಸಾಲೆಯಲ್ಲಿ ತಮ್ಮ ಸರದಿ ಬಂದಾಗ ಅಕ್ಕ ಸೆರಗು ಬಿಗಿಯಾಗಿ ಹೊದ್ದು ಎದ್ದು ನಿಂತರು.

"ಹರಿಹರ ಬಿಟ್ಟಾಗ ನಾನು ಹುಡುಗಿ. ಅಲ್ಲಿ ಈಗ ಏನೈತೆ, ಏನಿಲ್ಲ, ಗೊತ್ತಿಲ್ರಿ. ನಂಗೆ ಗೊತ್ತಿರೋದು ಈ ಓಣಿ. ಕಿಟಕ್ಯಾಗ ನಿಂತು ನೋಡೀನಿ, ನಮ್ಮತ್ತಿ ಬಾಯಾಗ ಕೇಳೀನಿ."

ಆಮೇಲೆ ತಡೆಯಿಲ್ಲದೆ ಹೇಳಿದರು. ಬಂಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಬಯಲು ಪೇಟೆಯಾದದ್ದು, ಆ ಬಂಡಿಯವರಿಗೆ ಮಂಡಕ್ಕಿ ಹುರಿದು ಮಾರುತ್ತಿದ್ದ, ಗಂಡ ಸತ್ತ ಹೆಣ್ಣುಮಗಳೊಬ್ಬಳು, ಅವಳ ಭಟ್ಟಿಯಿದ್ದ ಜಾಗದಲ್ಲೇ ಓಣಿಯ ಮೊದಲ ಮನೆ ಎದ್ದದ್ದು... "ಆಕಿ ನಮ್ಮತ್ತಿಯ ಅತ್ತಿ. ನಮ್ಮ ಸಾಹುಕಾರ್ರ ಅಜ್ಜಿ," ಅಂತ ಮುಗಿಸಿದರು. ನಾವು ಚಪ್ಪಾಳೆ ತಟ್ಟಿದೆವು. ಅಕ್ಕ ಬಾಯ್ತುಂಬ ನಕ್ಕದ್ದನ್ನು ನಾನು ಮೊದಲು ಕಂಡದ್ದು ಆವತ್ತೇ.

ಸಾಹುಕಾರರು ಮಗಳಿಗೆ ಹರಿಹರದ ಒಂದು ದೊಡ್ಡ ಮನೆತನದಲ್ಲಿ ಗಂಡು ನೋಡುತ್ತಿದ್ದರು. ತಮ್ಮದು ತಲೆತಲಾಂತರದ ಜಮೀನು ಮನೆತನ ಎಂದು ಹೇಳಿಕೊಂಡಿದ್ದರು. ಅಕ್ಕನ ಮಾತು ಅಂಗಡಿ ಮುಟ್ಟಲು ತಡವಾಗಲಿಲ್ಲ. ಸಾಹುಕಾರರ ಕೂಗು ನಮ್ಮ ಅಡುಗೆಮನೆಗೂ ಕೇಳಿತು.

"ಮಂಡಕ್ಕಿ ಮಾರ್ತಿದ್ರು ಅಂತ ಊರಿಗೆಲ್ಲ ಡಂಗುರ ಹೊಡೀತೀಯ? ನಾಳೆ ಹುಡುಗಿನ್ನ ಯಾರ್ ಕೇಳ್ತಾರೆ? ಇನ್ನ ಹೊಸ್ತಿಲ ದಾಟಬ್ಯಾಡ!"

ಮರುದಿನ ಬಡಗಿ ಬಂದು ಕಿಟಕಿಗೆ ಹಲಗೆ ಬಡಿದ.

ಅವರು ಬರಲಾಗದಿದ್ದರೆ ನಾವೇ ಹೋಗೋಣ ಅಂದರು ಟೀಚರು. ಹಾಸಿಗೆ ಹಿಡಿದ ಮುದುಕಿಯನ್ನು ನೋಡಲು ಬಂದವರನ್ನು ಯಾರು ತಡೆಯುತ್ತಾರೆ? ಅಂಗಡಿಯ ಗಂಡಸರ ನಡುವೆ ತಲೆತಗ್ಗಿಸಿ ಮೆಟ್ಟಿಲು ಹತ್ತಿದೆವು. "ಬರ್ರಿ, ಕೂಡ್ರಿ," ಅಂತ ಅಕ್ಕ ಚಾಪೆ ಹಾಸಿದರು. ಗಾಳಿಯಾಡದ ಆ ಕೋಣೆಯಲ್ಲಿ ಮೆಣಸಿನಕಾಯಿ ಘಾಟಿಗೆ ಕೆಮ್ಮುತ್ತ ಕೂತೆವು. ಸಾಹುಕಾರರು ಬಾಗಿಲಿಗೆ ಬಂದು ನಿಂತರು. ಮುದುಕಿ ದಿಂಬಿಗೊರಗಿದರು.

"ಯಾಕ ನಿಂತೀಯ? ನಿಮ್ಮಜ್ಜಿ ಮಂಡಕ್ಕಿ ಮಾರೇ ನಿಮ್ಮಪ್ಪನ್ನ ಬೆಳೆಸಿದ್ದು. ಕೇಳೋದಿದ್ರೆ ಕೂಡ್ರು, ಇಲ್ಲಾಂದ್ರೆ ಕೆಳಗ್ ಹೋಗು."

ಅವರು ಕೆಳಗೆ ಹೋದರು. ಆ ಬೇಸಿಗೆಯಿಡೀ ಅತ್ತೆ ಬಿಟ್ಟದ್ದನ್ನು ಸೊಸೆ, ಸೊಸೆ ಮರೆತದ್ದನ್ನು ಅತ್ತೆ ಹೇಳುತ್ತ ಹೋದರು.

ಮಳೆಗಾಲ ಹಿಡಿಯುವಷ್ಟರಲ್ಲಿ ಮುದುಕಿ ತೀರಿಕೊಂಡರು. ಮೆಟ್ಟಿಲು ಹತ್ತಲು ನಮಗೆ ನೆಪವೇ ಉಳಿಯಲಿಲ್ಲ. ಹೋದವರಿಗೆ ಅಂಗಡಿಯ ಆಳುಗಳು, "ಅಮ್ಮೋರು ಮಲಗ್ಯಾರ," ಅನ್ನುತ್ತಿದ್ದರು. ಹರಿಹರದ ಸಂಬಂಧ ಕುದುರಿತು. ಮಂಡಕ್ಕಿಯ ಮಾತನ್ನು ಬೀಗರು ಕಿವಿಗೇ ಹಾಕಿಕೊಳ್ಳಲಿಲ್ಲವಂತೆ. ಹಲಗೆಗಳನ್ನು ಮಾತ್ರ ಯಾರೂ ಕೀಳಿಸಲಿಲ್ಲ. ಮುಂದೆ ನನ್ನ ಗಂಡ ಬೇರೆ ಊರಿನ ಗಿರಣಿ ಸೇರಿದರು. ಗಾಡಿಗೆ ಸಾಮಾನು ಹೇರಿದ ದಿನ ಆ ಹಲಗೆಗಳ ಹಿಂದೆ ಬಳೆ ಸದ್ದಾಯಿತು. ಅಷ್ಟೇ...

ಇವತ್ತು ಬೆಳಿಗ್ಗೆ, ಅವರಿವರನ್ನು ಕೇಳಿ, ಹರಿಹರದಲ್ಲಿರುವ ಅವರ ಮಗಳಿಗೆ ಫೋನ್ ಮಾಡಿದೆ. ಅಕ್ಕ ಹೋಗಿ ಎಷ್ಟೋ ವರ್ಷವಾಯಿತಂತೆ. ನನಗೆ ಗೊತ್ತೇ ಇರಲಿಲ್ಲ. ಸಾಹುಕಾರರು ತೀರಿದ ಮೇಲೆ, ಮನೆಯಲ್ಲಿ ಒಬ್ಬರೇ ಇದ್ದಾರೆಂದು, ಮಗಳು ಅವರನ್ನು ಒಮ್ಮೆ ಹರಿಹರಕ್ಕೆ ಕರೆತಂದು ಹೊಳೆ ದಂಡೆಯಲ್ಲಿ ಕೂರಿಸಿದಳಂತೆ.

"ಸ್ವಲ್ಪ ಹೊತ್ತು ನೀರು ನೋಡಿದ್ಳು ಕಣ್ರಿ," ಅಂದಳು ಮಗಳು. "ಆಮೇಲೆ ಗಾಬ್ರಿಯಾಗಿ ಎದ್ಳು. ನಡಿಯವ್ವ, ತಡ ಆದ್ರೆ ಮನ್ಯಾಗ ಬೈತಾರೆ, ಅಂದ್ಳು."