ಹುಡುಗಿಯನ್ನು ಹೊರಗೆ ಕಳಿಸುವ ಪದ್ಯಗಳು

ಹೊಸಪೇಟೆಯ ಹೈಸ್ಕೂಲಿನ ಕೊನೆಯ ತರಗತಿಯಲ್ಲಿ ನಾನೊಬ್ಬಳೇ ಹುಡುಗಿ. ಹುಡುಗರೆಲ್ಲ ಬೆಂಚುಗಳ ಮೇಲೆ, ನಾನು ಮಾತ್ರ ಪಂಡಿತರ ಮೇಜಿನ ಪಕ್ಕ ಗೋಡೆಗೆ ಹಾಕಿದ ಒಂಟಿ ಸ್ಟೂಲಿನ ಮೇಲೆ. ಆಗ ನಮ್ಮದು ಮದ್ರಾಸಿನ ಸರಕಾರ. ಉಳಿದ ವಿಷಯ ಕಲಿಸುವವರು ಮಾಸ್ತರರು, ಕನ್ನಡ ಕಲಿಸುವವರು ಪಂಡಿತರು. ನಮ್ಮ ಪಂಡಿತರು ಹಂಪಿ ಕಡೆಯ ವೈಷ್ಣವ ಮನೆತನದವರು, ತಲೆಗೆ ರುಮಾಲು, ಹೆಗಲಿಗೆ ಮಡಿಸಿದ ಶಲ್ಯ. ಆ ವರ್ಷ ನಮಗೆ ಗೊತ್ತುಮಾಡಿದ್ದ ಹಳೆಯ ಕಾವ್ಯವನ್ನು ಅವರು ರಾಗವಾಗಿ ಓದಿ, ಪದ ಬಿಡಿಸಿ ಅರ್ಥ ಹೇಳುತ್ತಿದ್ದರೆ ಗಂಟೆ ಬಾರಿಸಿದ್ದೂ ಕೇಳುತ್ತಿರಲಿಲ್ಲ. ಅವರ ಮೇಲಿನ ಗೌರವ ನನಗೆ ಇವತ್ತಿಗೂ ಇದೆ. ಸಿಟ್ಟೂ ಇದೆ.

ಕಾವ್ಯದಲ್ಲಿ ಹೆಣ್ಣಿನ ಮೈಯ ವರ್ಣನೆ ಬರುವ ಸುಳಿವು ಸಿಕ್ಕರೆ ಸಾಕು, ಅವರು ಓದು ನಿಲ್ಲಿಸಿ, ನನ್ನ ಮುಖ ನೋಡದೆ ಗೋಡೆಗೆ ಹೇಳಿದ ಹಾಗೆ ಹೇಳುತ್ತಿದ್ದರು: "ಅಮ್ಮಾ, ಸ್ವಲ್ಪ ಹೊರಗಿರು."

ನಾನು ಎದ್ದು ಹೋಗಿ ಅಂಗಳದ ಬೇವಿನ ಮರದ ಕೆಳಗೆ ನಿಲ್ಲಬೇಕು. ಲೆಕ್ಕ ತಪ್ಪಿದವರನ್ನು, ಜಗಳವಾಡಿದವರನ್ನು ನಿಲ್ಲಿಸುವ ಜಾಗವೂ ಅದೇ. ಜವಾನನಿಗೆ ಪಾಪ ಏನು ಗೊತ್ತು! "ಏನವ್ವಾ, ಇವತ್ತೂ ಪಾಠ ಒಪ್ಪಿಸ್ಲಿಲ್ಲೇನು?" ಎಂದು ಕೇಳಿ ಹೋಗುತ್ತಿದ್ದ. ಒಳಗಿನಿಂದ ಹುಡುಗರ ಕಿಸಿಕಿಸಿ ಕೇಳಿಸುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ತಪ್ಪು ಮಾಡದೆ ಶಿಕ್ಷೆ ಅನುಭವಿಸುವುದು ಒಂದು, ಆ ಶಿಕ್ಷೆಗೆ ಮರ್ಯಾದೆ ಎಂದು ಹೆಸರಿಡುವುದು ಇನ್ನೊಂದು.

ಆದರೂ ಬಾಯಿ ಮುಚ್ಚಿಕೊಂಡಿದ್ದೆ. ಯಾಕೆಂದರೆ ಅಪ್ಪನ ಕರಾರು ಹಾಗಿತ್ತು. ನಮ್ಮೂರು ಕಂಪ್ಲಿ. ಅಪ್ಪನದು ಹೊಳೆದಂಡೆಯ ಗದ್ದೆ, ಅದರ ಜೊತೆಗೆ ಬೆಲ್ಲದ ವ್ಯಾಪಾರ. ನಾನು ಅತ್ತು, ಊಟ ಬಿಟ್ಟು, ಹಟ ಹಿಡಿದ ಮೇಲೆ ಹೊಸಪೇಟೆಯ ಸೋದರಮಾವನ ಮನೆಯಲ್ಲಿಟ್ಟು ಓದಿಸಲು ಒಪ್ಪಿದ್ದ. ಬಿಡುವಾಗ ಒಂದೇ ಮಾತು ಹೇಳಿದ್ದ: "ಸಾಲಿಯಿಂದ ನಿನ್ನ ಮ್ಯಾಲೆ ಒಂದು ದೂರು ಬಂತೋ, ಅವತ್ತಿಗೆ ಓದು ಮುಗೀತು. ಕರ್ಕೊಂಡು ಹೋಗಿ ಅಕ್ಕಿಕಾಳು ಹಾಕಿಸ್ತೀನಿ." ಅಪ್ಪ ಆಡಿದ ಮಾತಿಗೆ ತಪ್ಪುವವನಲ್ಲ. ಮದುವೆಗೆ ಗಂಡು ಕೂಡ ಗೊತ್ತಾಗಿತ್ತು, ನಮ್ಮ ಪೈಕಿಯವರೇ. ನನಗೋ ಪರೀಕ್ಷೆ ಪಾಸು ಮಾಡಿ, ಟ್ರೈನಿಂಗ್ ಮುಗಿಸಿ, ಮಾಸ್ತರಿಣಿ ಆಗಲೇಬೇಕಿತ್ತು.

ಹೀಗಿರುವಾಗ ಕಾವ್ಯದ ನಡುವಿನ ಒಂದು ಸಂಧಿ ಬಂತು. ಅದಕ್ಕೆ ಒಂದು ದಿನ ಹೊರಗೆ ಹೋದೆ, ಮರುದಿನವೂ ಹೋದೆ, ಅದರಾಚೆಯ ದಿನವೂ ಕರೆಯಲಿಲ್ಲ. ಸಂಧಿ ಪೂರ್ತಿ ಮುಗಿದ ಮೇಲೆಯೇ ಒಳಗೆ ಸೇರಿಸಿದರು. ಸೇರಿಸಿ, ಹುಡುಗರಿಗೆ ಹೇಳಿದರು: "ಪರೀಕ್ಷೆಗೆ ಇದು ಮುಖ್ಯ. ಬಾಯಿಪಾಠ ಮಾಡಿಕೊಳ್ಳಿ."

ಪುಸ್ತಕ ನನ್ನಲ್ಲೂ ಇತ್ತು, ಆದರೆ ಹಳಗನ್ನಡ ಬಿಡಿಸಿ ಹೇಳುವವರಿಲ್ಲದಿದ್ದರೆ ಅದು ತೆಂಗಿನಕಾಯಿ ಇದ್ದ ಹಾಗೆ, ಒಡೆಯದೆ ತಿನ್ನಲು ಬಾರದು. ಮುಂದಿನ ಬೆಂಚಿನ ಹುಡುಗನನ್ನು ಅರ್ಥ ಕೇಳಿದೆ. ಅವನು ಕಿವಿ ಕೆಂಪಗೆ ಮಾಡಿಕೊಂಡು, "ಅದು ನಿಮಗ ಹೇಳೂ ಅಂಥಾದ್ದಲ್ರಿ" ಎಂದು ಓಡಿಯೇ ಹೋದ. ಹಾಳಾಗಿ ಹೋಗು, ನಾನೇ ಬಿಡಿಸುತ್ತೇನೆ ಅಂದುಕೊಂಡೆ.

ದಿನಾ ಬೆಳಗ್ಗೆ ಬೀಸುವ ಕಲ್ಲಿನ ಮುಂದೆ ಪುಸ್ತಕ ತೆರೆದಿಟ್ಟು, ಜೋಳ ಬೀಸುತ್ತ ಒಂದೊಂದೇ ಸಾಲು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಎಲ್ಲಿ ಪದ ಮುರಿಯಬೇಕೋ ಕಿವಿಗೆ ತಿಳಿಯುತ್ತಿತ್ತು, ಉಳಿದದ್ದಕ್ಕೆ ಪುಸ್ತಕದ ಹಿಂದಿನ ಪದಗಳ ಅರ್ಥ ನೋಡುತ್ತಿದ್ದೆ. ರೊಟ್ಟಿ ಬಡಿಯುತ್ತಿದ್ದ ಅತ್ತಿ, ಅಂದರೆ ಸೋದರಮಾವನ ಹೆಂಡತಿ, ಒಂದು ದಿನ ಕೇಳಿದಳು: "ಏನದು, ಹೊತ್ತು ಹುಟ್ಟಿದ್ರ ಗುಣುಗುಣು?" ನಾನು ಅಳುಕುತ್ತ ಎರಡು ಪದ್ಯದ ಅರ್ಥ ಹೇಳಿದೆ. ಅವಳು ಹಿಟ್ಟಿನ ಕೈಯನ್ನು ಬಾಯಿಗೆ ಅಡ್ಡ ಹಿಡಿದು ಬಿದ್ದುಬಿದ್ದು ನಕ್ಕಳು.

"ಅಯ್ಯ ನನ್ನವ್ವ, ಇದಕ್ಕ ನಿನ್ನ ಹೊರಗ ಹಾಕ್ತಾರ? ನಮ್ಮ ಬೀಗರ ಹಾಡಿನ್ಯಾಗ ಇದರಪ್ಪನಂಥಾವು ಅದಾವ. ಮದುವಿ ಚಪ್ಪರದಾಗ ನಾವು ಹಾಡಿದ್ರ ಮುದುಕರೂ ಕುಂತು ಕೇಳ್ತಾರ!"

ಅವಳ ನಗೆಯಿಂದ ನನ್ನ ಅಳುಕು ಅರ್ಧ ಹೋಯಿತು. ಮುಂದಕ್ಕೆ ಓದಿದೆ. ಓದುತ್ತ ಹೋದಂತೆ ಬೀಸುವುದು ತಾನಾಗಿಯೇ ನಿಂತಿತು.

ಕಥೆ ಇಷ್ಟು. ಒಬ್ಬ ಅರಸು ಹೆಣ್ಣು ಕೇಳಲು ದೂತನನ್ನು ಕಳಿಸಿದ್ದಾನೆ. ದೂತ ಹುಡುಗಿಯ ತಂದೆಯ ತುಂಬಿದ ಸಭೆಯಲ್ಲಿ, ಅವಳು ಎದುರಿಗೆ ಇರುವಾಗಲೇ, ಮುಡಿಯಿಂದ ಉಗುರಿನವರೆಗೆ ಒಂದೊಂದನ್ನೇ ಬಣ್ಣಿಸುತ್ತಾನೆ. ಹಿರಿಯರು ತಲೆದೂಗುತ್ತಾರೆ. ಪಂಡಿತರಿಗೆ ನಾಚಿಕೆಯಾದದ್ದು ಇಲ್ಲಿ. ಆದರೆ ಅದು ಮುಗಿಯುತ್ತಲೇ ಆ ಹುಡುಗಿ ಎದ್ದು ನಿಲ್ಲುತ್ತಾಳೆ. ನನ್ನ ಮೈಯಲ್ಲಿ ಇರುವುದನ್ನೆಲ್ಲ ಎಣಿಸಿದಿರಿ, ಮನಸ್ಸೊಂದು ಇದೆ ಎಂದು ಯಾರಿಗೂ ತೋರಲಿಲ್ಲವೇ ಎಂದು ಕೇಳುತ್ತಾಳೆ. ದೂತನನ್ನು ಕೇಳುತ್ತಾಳೆ, ಹಿರಿಯರನ್ನು ಕೇಳುತ್ತಾಳೆ, ಕೊನೆಗೆ ತಂದೆಯ ಕಡೆ ತಿರುಗಿ ಅವನನ್ನೂ ಕೇಳುತ್ತಾಳೆ. ಸಭೆಯಲ್ಲಿ ಒಬ್ಬರ ಬಾಯಿಂದಲೂ ಉತ್ತರ ಬರುವುದಿಲ್ಲ.

ನಾನು ಬೀಸುವ ಕಲ್ಲಿನ ಮುಂದೆ ಕೂತು ಅತ್ತುಬಿಟ್ಟೆ. ನನಗೆ ನಮ್ಮ ಅಕ್ಕ ಕಂಡಳು. ಅವಳನ್ನು ನೋಡಲು ಬಂದವರು ಪಡಸಾಲೆಯಲ್ಲಿ ಆ ಕಡೆ ಈ ಕಡೆ ನಡೆಸಿದರು. ಚವರಿ ಸೇರಿಸಿ ಜಡೆ ಉದ್ದ ಮಾಡಿದ್ದಾರೇನೋ ಎಂದು ಜಡೆ ಬಿಚ್ಚಿಸಿ ಕೂದಲು ಜಗ್ಗಿ ನೋಡಿದರು. ಅಪ್ಪ ಅಲ್ಲೇ ಕೂತಿದ್ದ. ಅಕ್ಕ ಉಸಿರೆತ್ತಲಿಲ್ಲ. ಎಷ್ಟೋ ನೂರು ವರ್ಷ ಹಿಂದೆ ಒಬ್ಬ ಕವಿ ಬರೆದಿಟ್ಟ ಪ್ರಶ್ನೆಯನ್ನು ಹುಡುಗರಿಗೆ ಹೇಳಿಕೊಟ್ಟು, ಕೇಳಬೇಕಾದ ನನ್ನನ್ನು ಮರದ ಕೆಳಗೆ ನಿಲ್ಲಿಸಿದ್ದರು. ಬೇರೆ ದಿನಗಳಲ್ಲಿ ಇದೇ ಹುಡುಗರು "ಸ್ತ್ರೀಯರ ಉದ್ಧಾರ" ಎಂದು ಚರ್ಚಾಕೂಟ ಮಾಡಿ ಮೇಜು ಗುದ್ದುತ್ತಿದ್ದರು! ಇನ್ನು ಮೇಲೆ ನಾನು ಹೊರಗೆ ಹೋಗುವುದಿಲ್ಲ ಎಂದು ಅವತ್ತೇ ತೀರ್ಮಾನ ಮಾಡಿದೆ. ಅದಕ್ಕೆ ತೆರಬೇಕಾದ ಬೆಲೆ ನನಗೆ ಚೆನ್ನಾಗಿ ಗೊತ್ತಿತ್ತು.

ಪರೀಕ್ಷೆ ಹತ್ತಿರವಾದಾಗ ಪಂಡಿತರು ಅದೇ ಸಂಧಿಯನ್ನು ಮತ್ತೊಮ್ಮೆ ತೆಗೆದರು. "ಅಮ್ಮಾ, ಸ್ವಲ್ಪ ಹೊರಗಿರು."

"ಇಲ್ರಿ, ಇಲ್ಲೇ ಇರ್ತೀನಿ."

ಅವರು ಮೊದಲ ಸಲ ನನ್ನ ಮುಖ ನೋಡಿದರು. "ಹೇಳಿದ್ದು ಕೇಳಿಸಲಿಲ್ಲವೇ?"

"ಕೇಳಿಸಿತ್ರಿ. ಪರೀಕ್ಷಾದಾಗ ಇದನ್ನ ಕೇಳಿದ್ರ ಬೇವಿನ ಮರ ಬಂದು ಉತ್ತರ ಬರೀತೈತೇನ್ರಿ?"

ಹುಡುಗರು ಗೊಳ್ಳೆಂದು ನಕ್ಕರು. ಪಂಡಿತರ ಮುಖ ಕಪ್ಪಿಟ್ಟಿತು. ಪುಸ್ತಕ ಮುಚ್ಚಿ ನೇರ ಹೆಡ್ ಮಾಸ್ತರರ ಕೋಣೆಗೆ ಹೋದರು. ನಾನು ಸ್ಟೂಲು ಬಿಟ್ಟು ಏಳಲಿಲ್ಲ.

ದೂರಿನ ಕಾಗದ ಮುಟ್ಟಿ, ಎರಡು ದಿನಕ್ಕೆ ಅಪ್ಪ ಕಂಪ್ಲಿಯಿಂದ ಬಂದ. ಹೆಡ್ ಮಾಸ್ತರರು ಮದ್ರಾಸಿನ ಕಡೆಯವರು, ಅವರ ಕನ್ನಡ ಅಷ್ಟಕ್ಕಷ್ಟೆ. ಅಪ್ಪನಿಗೆ ಕುರ್ಚಿ ತೋರಿಸಿ, ಹೇಳುವುದನ್ನು ಪಂಡಿತರಿಗೆ ಬಿಟ್ಟರು.

ಪಂಡಿತರು ಹೇಳಿದರು: "ಹೊರಗೆ ಹೋಗು ಅಂದರೆ ಹೋಗಲಿಲ್ಲ, ಎದುರುತ್ತರ ಕೊಟ್ಟಳು. ನಾನು ಕಳಿಸುತ್ತಿದ್ದದ್ದು ಅವಳ ಮರ್ಯಾದೆಗೇ. ತಂದೆಯ ಎದುರಿಗೆ ಮಗಳು ಓದಬಾರದ ಪದ್ಯಗಳು ಅವು."

ಅಪ್ಪ ನನ್ನ ಕಡೆ ನೋಡಿದ. ಆ ನೋಟದಲ್ಲಿ ನನ್ನ ಓದು ಮುಗಿದೇ ಹೋಗಿತ್ತು. ಆದರೆ ಅಪ್ಪ ವ್ಯಾಪಾರಿ, ಮೂಟೆ ಬಿಚ್ಚಿ ನೋಡದೆ ಬೆಲ್ಲ ಕೊಂಡವನಲ್ಲ. "ನನ್ನೆದುರಿಗೆ ಓದಬಾರದ್ದನ್ನ ಸರಕಾರದವ್ರು ಪುಸ್ತಕದಾಗ ಯಾಕ ಹಾಕ್ಯಾರ್ರಿ?" ಎಂದ. ಆಮೇಲೆ ನನಗೆ ಹೇಳಿದ: "ಓದು. ಏನೈತೋ ನಾನೂ ಕೇಳ್ತೀನಿ."

ಶಿವಶಿವಾ! ಬೀಸುವ ಕಲ್ಲಿನ ಮುಂದೆ ಓದುವುದು ಬೇರೆ, ಹೆತ್ತ ಅಪ್ಪನ ಮುಂದೆ ಓದುವುದು ಬೇರೆ. ಪದ್ಯ ಓದಿ ಅರ್ಥ ಹೇಳಿದೆ. ಮುಡಿ ಆಯಿತು, ಕಣ್ಣು ಆಯಿತು. ಕೊರಳಿನಿಂದ ಕೆಳಗೆ ಇಳಿಯುತ್ತಲೇ ಸಾಲಿನ ನಡುವೆ ನಿಲ್ಲಿಸಿದೆ. ಅಪ್ಪ ನೆಲ ನೋಡುತ್ತಿದ್ದ. "ನಿಲ್ಲಿಸಬ್ಯಾಡ" ಎಂದ. ನಾನು ಹಲ್ಲು ಕಚ್ಚಿ ಓದಿದೆ. ಅಂತೂ ಉಗುರಿನವರೆಗೆ ಬಂದು, ಆ ಹುಡುಗಿ ಎದ್ದು ನಿಲ್ಲುವ ಪದ್ಯ ಮುಟ್ಟಿದೆ. ಅಲ್ಲಿಂದ ದನಿ ತಡವರಿಸಲಿಲ್ಲ. ದೂತನಿಗೆ ಕೇಳಿದ್ದು ಓದಿದೆ, ಹಿರಿಯರಿಗೆ ಕೇಳಿದ್ದು ಓದಿದೆ. ತಂದೆಗೆ ಕೇಳಿದ್ದನ್ನು ಪುಸ್ತಕ ನೋಡದೆ, ಅಪ್ಪನ ಮುಖ ನೋಡಿ ಹೇಳಿದೆ.

ಅಪ್ಪ ಶಲ್ಯದಿಂದ ಮುಖ ಒರೆಸಿಕೊಂಡ. ಅವನಿಗೆ ಏನು ನೆನಪಾಯಿತೋ ನಾನು ಯಾವತ್ತೂ ಕೇಳಿಲ್ಲ.

"ಪಂಡಿತ್ರ, ಅಷ್ಟು ದೊಡ್ಡ ಸಭಾದಾಗ ಆ ಹುಡುಗಿಗೆ ಯಾರರ ಹೊರಗ ಹೋಗು ಅಂದ್ರೇನ್ರಿ?"

ಪಂಡಿತರು "ಇಲ್ಲ" ಎಂದರು.

"ಹಂಗಾರ ನಮ್ಮಾಕಿನೂ ಒಳಗ ಕುಂದ್ರಲಿ ಬಿಡ್ರಿ. ಎದುರು ಮಾತಾಡಿದ್ದು ತಪ್ಪು, ಅದಕ್ಕ ಕಾಲಿಗೆ ಬೀಳ್ತಾಳ."

ನಾನು ಬಿದ್ದೆ. ಪಂಡಿತರು ಕಾಲು ಹಿಂದಕ್ಕೆಳೆದುಕೊಂಡು, "ಅರ್ಥ ಎಲ್ಲೂ ತಪ್ಪಿಲ್ಲ" ಎಂದಷ್ಟೇ ಹೇಳಿ ಹೊರಟುಹೋದರು.

ಅಂಗಳಕ್ಕೆ ಬಂದ ಮೇಲೆ ಅಪ್ಪ ನಿಂತ. ನನ್ನ ಕಡೆ ನೋಡದೆ ಕೇಳಿದ: "ನನ್ನ ಮುಂದ ಓದಾಕ ನಾಚಿಕಿ ಆತೇನು?"

"ಭಾಳ ಆತಪ್ಪ."

"ನನಗೂ ಆತು" ಎಂದ. "ಆದ್ರ ನಾನೂ ಸತ್ತಿಲ್ಲ, ನೀನೂ ಸತ್ತಿಲ್ಲ. ಹೋಗು, ಪಾಠ ಸುರು ಆಗಿರತೈತಿ."