ಟಪಟಪಕ್ಕನ ಕಪ್ಪು ಪರದೆ

ಔಷಧಿ ಗೋದಾಮಿನಲ್ಲಿ ಅವಳನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಬೆರಳು ಕೀಲಿಮಣೆಗೆ ಬಿದ್ದರೆ ತಗಡಿನ ಮೇಲೆ ಆಲಿಕಲ್ಲು ಸುರಿದಂತೆ ಸದ್ದು, ಅದಕ್ಕೇ ಟಪಟಪಕ್ಕ. ಆಸ್ಪತ್ರೆಯವರು ಫೋನಿನಲ್ಲಿ ಹೇಳುವುದು, ಇವಳು ಒತ್ತುವುದು: ಮದ್ದಿನ ಸಂಖ್ಯೆ, ಎಷ್ಟು ಪೆಟ್ಟಿಗೆ, ಎಂಟರ್, ಎಂಟರ್. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಮೂಡುವ ಮೊದಲೇ ಬೆರಳು ಮುಂದಿನ ಪುಟ ಸೇರಿರುತ್ತಿತ್ತು. ಇಪ್ಪತ್ತಾರು ವರ್ಷ ಹೀಗೇ ನಡೆಯಿತು.

ಕಣ್ಣು ಕೈಕೊಟ್ಟು ಎರಡು ವರ್ಷವಾಗಿತ್ತು. ಮೊದಲು ಅಂಚು ಹೋಯಿತು, ಆಮೇಲೆ ನಡು. ಯಾರಿಗೂ ಹೇಳಲಿಲ್ಲ. ಹೇಳಿದರೆ ಕುರ್ಚಿ ಹೋಗುತ್ತದೆ. ಕುರ್ಚಿ ಹೋದರೆ, ಮದುವೆಯನ್ನೂ ಬಿಟ್ಟು ತಾನು ಸಾಕಿ ಬೆಳೆಸಿದ ತಮ್ಮನ ಕೈ ಹಿಡಿದುಕೊಂಡೇ ಓಡಾಡುವ ಬಾಳು. ಅದೊಂದು ಬೇಡವೆಂದು ಹಲ್ಲು ಕಚ್ಚಿಕೊಂಡಿದ್ದಳು.

ಗೋದಾಮಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನೂ ಆ ತಮ್ಮನೇ. ಹಳೆಯ ಪ್ರೋಗ್ರಾಮಿಗೆ ಹೊಸ ವೆಬ್ ಪುಟ ಜೋಡಿಸಿ, ಕಪ್ಪು ಪರದೆಯನ್ನು ಕಿತ್ತು ಬಿಸಾಕು ಎಂದರು ಮ್ಯಾನೇಜರು. ಅವನು ಪಟ್ಟು ಹಿಡಿದ.

"ಮನೆ ಒಂದೇ ಸಾರ್, ಬಾಗಿಲು ಎರಡಿರಲಿ. ಮೌಸ್ ಬೇಕಾದವರು ಹೊಸ ಬಾಗಿಲಲ್ಲಿ ಬರಲಿ, ನಮ್ಮಕ್ಕ ಹಳೇ ಬಾಗಿಲಲ್ಲಿ."

ಹೊಸ ಪುಟ ಸಿದ್ಧವಾದ ದಿನ ಅಕ್ಕನನ್ನು ಕರೆದು ಕೂರಿಸಿದ.

"ಹೇಗಿದೆ ಹೇಳಕ್ಕಾ?"

"ಚೆಂದ ಇದೆ ಕಣೋ."

"ಈ ಬಟನ್ನು ಕೆಂಪಗಿರ್ಲಾ, ನೀಲಿ ಇರ್ಲಾ?"

"ನಿನ್ನ ಹೊಸ ಮದುಮಗನ್ನ ನೀನೇ ಸಿಂಗರಿಸ್ಕೋ, ಕೋತಿ. ನನ್ನ ಹಳೇ ಗಂಡ ನನಗಿರಲಿ!"

ಇಡೀ ಕೋಣೆ ನಕ್ಕಿತು.

ಹೊಸ ಪುಟದಲ್ಲಿ ಒಂದು ಅನುಕೂಲವಿತ್ತು. ಕೆಟ್ಟ ಮದ್ದು ಕಂಡರೆ, ಮಹಡಿಯಲ್ಲಿ ಕೂತು ಮದ್ದು ಪರೀಕ್ಷಿಸುವ ಡಾಕ್ಟರಮ್ಮ ಅದನ್ನು ಅಲ್ಲಿಂದಲೇ ತಡೆಹಿಡಿಯಬಹುದು. ಎರಡು ಬಾಗಿಲಿಗೂ ಕಾವಲು ಒಂದೇ ಇರಬೇಕಲ್ಲ ಎಂದು ತಮ್ಮ ಕಪ್ಪು ಪರದೆಗೂ ಒಂದು ಸಾಲು ಸೇರಿಸಿದ: 'ಈ ಮದ್ದು ತಡೆಹಿಡಿದಿದೆ. ಆದರೂ ಕಳಿಸಲೇ?' ಹಳೆಯ ಪರದೆಗಳ ಪದ್ಧತಿಯಂತೆ, ಎಂಟರ್ ಒತ್ತಿದರೆ ಹೌದು ಎಂದರ್ಥ. ಅಕ್ಕನಿಗೆ ಬಾಯಿಬಿಟ್ಟು ಹೇಳಬೇಕೆಂದು ಹೊಳೆಯಲಿಲ್ಲ. ಕಣ್ಣೆದುರೇ ಬರುವುದನ್ನು ಹೇಳುವುದೇನು?

ಮೂರನೆಯ ದಿನ ಮಕ್ಕಳ ಆಸ್ಪತ್ರೆಯಿಂದ ಲಸಿಕೆಗೆ ಫೋನ್ ಬಂತು. ಆ ಲಸಿಕೆ ತಂಪು ತಪ್ಪಿ ಕೆಟ್ಟಿತ್ತು, ಡಾಕ್ಟರಮ್ಮ ತಡೆದಿದ್ದರು. ಟಪಟಪಕ್ಕ ಒತ್ತಿದಳು: ಎಂಟರ್, ಎಂಟರ್. ಎರಡನೆಯ ಎಂಟರ್ ಆ ಪ್ರಶ್ನೆಯ ಮೇಲೆ ಬಿತ್ತು. ಪೆಟ್ಟಿಗೆ ಹೊರಟುಹೋಯಿತು. ಸೂಜಿ ಹಿಡಿದ ನರ್ಸಮ್ಮ ಸೀಸೆಯ ಮೇಲಿನ ಶಾಖದ ಗುರುತು ಬಣ್ಣಗೆಟ್ಟಿದ್ದನ್ನು ನೋಡಿದ್ದಕ್ಕೆ ಮಕ್ಕಳು ಉಳಿದವು.

ಮ್ಯಾನೇಜರು ಅಕ್ಕ, ತಮ್ಮ ಇಬ್ಬರನ್ನೂ ಕರೆಸಿದರು.

"ಅಷ್ಟು ದಪ್ಪ ಅಕ್ಷರ! ಓದೋಕೇನಾಗಿತ್ತಮ್ಮಾ?"

"ಆ ಸಾಲು ಅವತ್ತು ಬಂದೇ ಇರ್ಲಿಲ್ಲ ಸಾರ್," ತಮ್ಮ ಅಡ್ಡ ಬಂದ. "ನಾನೇ ಏನೋ ಕೆಡಿಸಿದ್ದೆ. ತೆಗೀಬೇಕು ಅಂದ್ರೆ ನನ್ನ ತೆಗೀರಿ."

ಅಕ್ಕ ದನಿ ಬಂದ ಕಡೆ ಕೈ ಚಾಚಿ ಅವನ ತೋಳು ಹುಡುಕಿದಳು.

"ಸುಮ್ನಿರು ಮರಿ. ನನಗೆ ಕಾಣಲ್ಲ ಸಾರ್. ಎರಡು ವರ್ಷ ಆಯ್ತು."

ತಮ್ಮ ಮಗುವಿನಂತೆ ಕೇಳಿದ: "ಮತ್ತೆ ಮೊನ್ನೆ ಚೆಂದ ಇದೆ ಅಂದ್ಯಲ್ಲಕ್ಕಾ?"

"ನಿನ್ನ ದನೀಲಿ ಅಷ್ಟು ಖುಷಿ ಇತ್ತು ಕಣೋ. ಇನ್ನೇನನ್ನಲಿ?"

ಕುರ್ಚಿ ಹೋಯಿತು. ಮೆಟ್ಟಿಲಿಳಿಯುವಾಗ ತಮ್ಮ ತೋಳು ಕೊಟ್ಟ, ಅವಳು ಹಿಡಿದುಕೊಂಡಳು.

ವಾರದ ಮೇಲೆ ಒಂದು ಮಧ್ಯಾಹ್ನ ಅವನು ಗೋದಾಮಿನಿಂದ ಫೋನ್ ಮಾಡಿದ.

"ಊಟ ಆಯ್ತಾ ಅಕ್ಕಾ?"

ಅವಳ ಕಿವಿ ಅವನ ಬೆನ್ನ ಹಿಂದಿನ ಸದ್ದಿನ ಮೇಲಿತ್ತು.

"ಅದು ನನ್ನ ಕೀಲಿಮಣೆ ಅಲ್ವೇನೋ? ಯಾರು ಕೂತಿರೋದು?"

"ಹೊಸಬಳು. ಒಂದೊಂದೇ ಒತ್ತಾಳೆ, ಬೆಳಗಿಂದ ಹತ್ತು ಪೆಟ್ಟಿಗೇನೂ ಹೊರಟಿಲ್ಲ. ಸ್ವಲ್ಪ ಬೇಗ ಮಾಡು ಅಂತ ಹೇಳ್ಲಾ?"

"ಬೇಡ ಕಣೋ. ನೋಡಿ ಒತ್ತಲಿ."

ಇಬ್ಬರೂ ಫೋನ್ ಇಡಲಿಲ್ಲ. ಅತ್ತಲಿಂದ ಒಂದು ಎಂಟರ್ ಕೇಳಿಸಿತು. ತುಂಬ ಹೊತ್ತು ಏನೂ ಇಲ್ಲ. ಆಮೇಲೆ ಇನ್ನೊಂದು.